ಮೊದಲು ಡಿಗ್ರಿ ಹೇಳಿ, ಆಮೇಲೆ ಮಾತಾಡಿ

ಜಗಳ ಶುರುವಾಗಿದ್ದು ಕನ್ನಂಬಾಡಿ ಕಟ್ಟೆಯಿಂದ. ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸಂಜೆ ಆರಕ್ಕೆ ಒಂದಷ್ಟು ಜನ ಸೇರುತ್ತೇವೆ. ಜುಲೈ ಬಂತೆಂದರೆ ಮಾತು ಒಂದೇ, ಕಟ್ಟೆ ತುಂಬಿ ನೀರು 124.80 ಅಡಿ ಮುಟ್ಟುತ್ತಾ ಇಲ್ವಾ. ಈ ಸಲ ಮುಟ್ಟಲ್ಲ ಅಂದರು ಬ್ಯಾಂಕಿನ ರಾಯರು. ಮುಟ್ಟುತ್ತೆ ಅಂದ ಹಾಲಿನ ಬೂತಿನವನು.

"ನೀನೇನಪ್ಪಾ ಓದಿರೋದು?" ಎಂದು ರಾಯರು ಕೇಳಿಯೇಬಿಟ್ಟರು.

"ಏಳನೇ ಕ್ಲಾಸು ಸಾರ್. ಆದ್ರೆ ಕುಶಾಲನಗರದಿಂದ ನಮ್ಮ ಭಾವ ಫೋನ್ ಮಾಡಿದ್ದ. ಹೊಳೆ ಕೆಂಪಗೆ ಬರ್ತಾ ಇದೆಯಂತೆ."

ಕುಶಾಲನಗರದ ಫೋನು ಲೆಕ್ಕಕ್ಕೆ ಬರಲಿಲ್ಲ. ಏಳನೇ ಕ್ಲಾಸು ಬಂತು.

ಮುಂದಿನ ಭಾನುವಾರವೇ ಸಂಘದ ಮೀಟಿಂಗು. ಯಾರ ಮಾತಿಗೆ ಎಷ್ಟು ತೂಕ ಅಂತ ಗೊತ್ತಾಗಬೇಕಲ್ಲ, ಪಾರ್ಕಿನಲ್ಲಿ ಬೋರ್ಡು ಹಾಕಿ ಎಲ್ಲರ ಹೆಸರು, ಮುಂದೆ ಓದು ಬರೆಸೋಣ ಎಂದರು ಕಾರ್ಯದರ್ಶಿ. "1916ರಿಂದ ಯೂನಿವರ್ಸಿಟಿ ಇರೋ ಊರು ಸ್ವಾಮಿ ಇದು. ಅದರ ಲಾಂಛನದಲ್ಲೇ ಇದೆ, ನ ಹಿ ಜ್ಞಾನೇನ ಸದೃಶಂ. ಜ್ಞಾನಕ್ಕೆ ಸಮ ಬೇರೆ ಇಲ್ಲ ಅಂತ." ಅದರಲ್ಲಿ ಡಿಗ್ರಿ ಅನ್ನೋ ಮಾತು ಎಲ್ಲಿದೆ ಸಾರ್ ಅಂತ ಕೇಳೋಣ ಅಂದುಕೊಂಡೆ. ನನ್ನದು ಬರೀ ಬಿ.ಎಸ್ಸಿ., ಅದೂ ಎರಡನೇ ಅಟೆಂಪ್ಟು. ಸುಮ್ಮನಾದೆ.

ಬೀರುಗಳಿಂದ ಸರ್ಟಿಫಿಕೇಟುಗಳು ನುಸಿಗುಳಿಗೆ ವಾಸನೆಯ ಸಮೇತ ಹೊರಬಂದವು. ರಾಯರು ಬಿ.ಕಾಂ. ಜೊತೆ ಬ್ಯಾಂಕಿನವರ ಪರೀಕ್ಷೆ ಸಿ.ಎ.ಐ.ಐ.ಬಿ. ಸೇರಿಸಿದರು. ಎರಡನೇ ಕ್ರಾಸಿನ ಅಜ್ಜಿ 'ಜಾಣ' ಅಂತ ಬರೆಸಿ ಅಂದಾಗ ಪೇಂಟರ್ ನಕ್ಕುಬಿಟ್ಟ. "ಹೊಗಳಿಕೆ ಅಲ್ಲ ಕಣಪ್ಪ, ಸಾಹಿತ್ಯ ಪರಿಷತ್ತಿನ ಪರೀಕ್ಷೆ ಅದು. ಕಾವ, ಜಾಣ, ರತ್ನ ಅಂತ ಕೇಳಿಲ್ವಾ?" ಎಂದು ಅಜ್ಜಿ ಅವನನ್ನು ಅಲ್ಲೇ ನಿಲ್ಲಿಸಿಕೊಂಡು ಪಾಠ ಮಾಡಿದರು.

ಕಂಟ್ರಾಕ್ಟರ್ ಒಬ್ಬರು ಗೌರವ ಡಾಕ್ಟರೇಟ್ ತಂದರು. ಯಾವುದೋ ಹೋಟೆಲಿನ ಹಾಲಿನಲ್ಲಿ ಗೌನು, ಟೋಪಿ ಹಾಕಿಸಿ ಕೊಟ್ಟಿದ್ದು. ಫೋಟೋದಲ್ಲಿ ಟೋಪಿಯ ಗೊಂಡೆ ಮೂಗಿನ ಮೇಲಿತ್ತು. ಪದವಿ ಯಾರು ಕೊಡಬಹುದು ಅಂತ 1956ರ ಯುಜಿಸಿ ಕಾಯ್ದೆಯಲ್ಲೇ ಇದೆ, ಕಂಡಕಂಡವರು ಕೊಡೋ ಹಾಗಿಲ್ಲ ಎಂದು ವಕೀಲರು ತಕರಾರು ತೆಗೆದರು. ಯಾರೋ ಮೊಬೈಲಿನಲ್ಲಿ ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ತೆಗೆದು ನೋಡಿದರು. ಇವರ ವಿಶ್ವವಿದ್ಯಾಲಯದ ಹೆಸರು ಅದರಲ್ಲೂ ಇರಲಿಲ್ಲ. "ನೋಡಿ, ನಕಲಿ ಅಲ್ಲ ಅಂತಾಯ್ತಲ್ಲ!" ಎಂದರು ಕಂಟ್ರಾಕ್ಟರು. 'ಡಾ.' ಬಿತ್ತು.

ನಿಜವಾದ ರಾದ್ಧಾಂತ ಆಗಿದ್ದು ಪೇಂಟರ್ 'ಪಿ.ಹೆಚ್.ಡಿ.' ಎಂದು ಬರೆದಾಗ. ಹೆಚ್ ಅಲ್ಲ, ಎಚ್ ಎಂದರು ಕನ್ನಡ ಮೇಷ್ಟ್ರು. ಬಸ್ಸಿನ ಮೇಲೆ ಹೆಚ್.ಡಿ. ಕೋಟೆ ಅಂತ ಇರುತ್ತಲ್ಲ ಎಂದರು ಇನ್ನೊಬ್ಬರು. ಕೋಟೆಯ ಬಸ್ಸು ಡಾಕ್ಟರೇಟ್ ಮಾಡಿದೆಯೇನ್ರೀ ಎಂದು ಮೇಷ್ಟ್ರು ಎಗರಿದರು. ಮೂರು ಸಂಜೆ ಇದೇ ಆಯಿತು. ಕೊನೆಗೆ ಹೆಚ್ ಅಳಿಸಿ ಎಚ್ ಬರೆಸಿದರು. ಆ ಜಾಗದಲ್ಲಿ ಹಳೇ 'ಹೆ' ಬಿಳಿ ಬಣ್ಣದ ಕೆಳಗಿಂದ ಈಗಲೂ ಇಣುಕುತ್ತದೆ.

ಬೋರ್ಡು ನಿಂತ ಮೇಲೆ ಸಮಯವೂ ಹಂಚಿಕೆಯಾಯಿತು. ಪಿಎಚ್.ಡಿ.ಗೆ ಹತ್ತು ನಿಮಿಷ. ಎಂ.ಎ., ಎಂ.ಎಸ್ಸಿ.ಗೆ ಏಳು. ಡಿಗ್ರಿಗೆ ಐದು. ಪಿಯುಸಿಗೆ ಎರಡು. ಅದಕ್ಕಿಂತ ಕೆಳಗಿನವರು ಕೇಳಿಸಿಕೊಳ್ಳಬಹುದು. ಈ ಲೆಕ್ಕದಲ್ಲಿ ಡಿವಿಜಿ ಬಂದಿದ್ದರೆ ಎಲ್ಲಿ ಕೂರುತ್ತಿದ್ದರು? ಅವರು ಮೆಟ್ರಿಕ್ಯುಲೇಷನ್ ದಾಟಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಗೌರವ ಡಿ.ಲಿಟ್. ಕೊಡುವವರೆಗೆ ನಮ್ಮ ಪಾರ್ಕಿನಲ್ಲಿ ತೆಪ್ಪಗೆ ಕೇಳಿಸಿಕೊಳ್ಳಬೇಕಿತ್ತು. ವಿಶ್ವೇಶ್ವರಯ್ಯನವರ ವಿಷಯ ಕೇಳಿದೆ. "ಪುಣೆಯಲ್ಲಿ ಮಾಡಿದ್ದು ಎಲ್.ಸಿ.ಇ., ಬಿ.ಇ. ಅಲ್ಲ. ಬಿ.ಎ. ಇದೆ, ಐದು ನಿಮಿಷ ಕೊಡಬಹುದು" ಎಂದರು ನಿವೃತ್ತ ಎಂಜಿನಿಯರು. ಕಟ್ಟೆಯ ನೀರು ಕುಡಿದೇ ಹೇಳಿದರು, ಕೈಯಲ್ಲಿ ಬಾಟಲಿ ಇತ್ತು.

ಆಮೇಲೆ ನಾಲ್ಕನೇ ಕ್ರಾಸಿನಲ್ಲಿ ಒಂದು ಮನೆಯ ಮುಂದೆ ಯುಜಿಡಿ, ಅಂದರೆ ಒಳಚರಂಡಿ, ಕಟ್ಟಿಕೊಂಡಿತು. ಛೇಂಬರಿನಿಂದ ಉಕ್ಕಿದ್ದು ರಸ್ತೆಗೆ ಬಂತು. ರೇಷ್ಮೆ ಹುಳದ ರೋಗದ ಮೇಲೆ ಪಿಎಚ್.ಡಿ. ಮಾಡಿದವರು ಹತ್ತು ನಿಮಿಷ ಮಾತಾಡಿದರು. ಪಾಪ, ಹುಳದ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ, ಯಾರೂ ಹುಳದ ವಿಷಯ ಕೇಳುವುದಿಲ್ಲ ಅಷ್ಟೇ. ಗೌರವ ಡಾಕ್ಟರು ಇನ್ನೊಂದು ಹತ್ತು ನಿಮಿಷ. ನಾವೆಲ್ಲ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕೇಳಿದೆವು. ಆ ಮನೆಯ ಯಜಮಾನರು ಪಿಯುಸಿ. "ನಮ್ಮ ಬಚ್ಚಲಿಗೆ ವಾಪಸ್ ಬರ್ತಿದೆ ಸಾರ್" ಅನ್ನುವಷ್ಟರಲ್ಲಿ ಅವರ ಟೈಮು ಮುಗಿಯಿತು.

ಅಷ್ಟರಲ್ಲಿ ಪೇಂಟರ್ ಬಂದು ನಿಂತ. ಅವನಿಗೂ ಏನೋ ಹೇಳುವುದಿತ್ತು. ಕೇಳುವವರ ಸಾಲು ಆ ಕಡೆ ಎಂದು ಕಾರ್ಯದರ್ಶಿ ಕೈ ತೋರಿಸಿದರು. ಅವನು ಬೋರ್ಡಿನ ಕೆಳಗಿನ ಮೂಲೆಗೆ ಬೆರಳಿಟ್ಟ. ಎಲ್ಲ ಪೇಂಟರುಗಳಂತೆ ಅವನೂ ಸಣ್ಣಗೆ ತನ್ನ ಹೆಸರು ಬರೆದು ಮುಂದೆ 'ಆರ್ಟ್ಸ್' ಎಂದು ಸೇರಿಸಿದ್ದ.

ಕಾರ್ಯದರ್ಶಿಗಳು ಕನ್ನಡಕ ಏರಿಸಿ ಓದಿದರು. "ಓ, ಆರ್ಟ್ಸಾ? ಡಿಗ್ರಿ. ಐದು ನಿಮಿಷ."

ಐದೂ ನಿಮಿಷ ಅವನು ಒಂದೇ ವಿಷಯ ಮಾತಾಡಿದ. ಅಳಿಸಿದ 'ಹೆ'ಗೂ ಅಕ್ಷರದ ಲೆಕ್ಕದಲ್ಲೇ ದುಡ್ಡು ಬರಬೇಕಂತೆ.