ಇನ್ಶೂರೆನ್ಸ್ ಕೆಲಸದ ಮೇಲ್ ಬಂದರೆ ಮೊದಲು ಸಂಬಳದ ಸಾಲು ಹುಡುಕಿ

ಡಿಗ್ರಿ ರಿಸಲ್ಟ್ ಬಂದು ನೌಕ್ರಿ ಡಾಟ್ ಕಾಮ್‌ನಲ್ಲಿ ರೆಸ್ಯೂಮೆ ಹಾಕಿದ ಕೂಡಲೇ ಇನ್ಶೂರೆನ್ಸ್ ಕೆಲಸದ ಈ ಮೇಲ್‌ಗಳು ಬರಲು ಶುರುವಾಗುತ್ತವೆ. "ನಿಮ್ಮ ಪ್ರೊಫೈಲ್ ನಮಗೆ ತುಂಬಾ ಹಿಡಿಸಿದೆ. ಫೈನಾನ್ಶಿಯಲ್ ಅಡ್ವೈಸರ್ ಹುದ್ದೆಗೆ ಶಾರ್ಟ್‌ಲಿಸ್ಟ್ ಆಗಿದ್ದೀರಿ. ನಾಳೆ 11 ಗಂಟೆಗೆ ಅಂಧೇರಿ ಆಫೀಸಿಗೆ ಬನ್ನಿ." ಆ ಹುದ್ದೆಗೆ ಅರ್ಜಿಯನ್ನೇ ಹಾಕಿರುವುದಿಲ್ಲ. ಕೆಳಗೆ ಮಿತಿಯಿಲ್ಲದ ಆದಾಯ, ನಿಮಗೆ ನೀವೇ ಬಾಸ್, ವರ್ಷಕ್ಕೊಂದು ಫಾರಿನ್ ಟ್ರಿಪ್. ಸಂಬಳ ಎಷ್ಟು ಅನ್ನುವುದು ಮಾತ್ರ ಎಲ್ಲೂ ಇರುವುದಿಲ್ಲ.

ಡೊಂಬಿವಲಿ, ಠಾಣೆ, ಮೀರಾ ರೋಡ್ ಕಡೆಯ ನಮ್ಮ ಕನ್ನಡದ ಮನೆಗಳವರು ಇಂಥ ಮೇಲ್‌ಗಳನ್ನು ನನಗೆ ಫಾರ್ವರ್ಡ್ ಮಾಡುತ್ತಾರೆ. ಜೊತೆಗೆ ಒಂದೇ ಪ್ರಶ್ನೆ: "ದೊಡ್ಡ ಕಂಪನಿ ಅಲ್ವಾ, ಮಗಳನ್ನು ಕಳಿಸಬಹುದಾ?" ಬಹಳ ಸಲ ಕಂಪನಿ ನಿಜಕ್ಕೂ ದೊಡ್ಡದೇ ಆಗಿರುತ್ತದೆ. ಟಿವಿಯಲ್ಲಿ ಜಾಹೀರಾತು ಬರುತ್ತದೆ, ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ಐಆರ್‌ಡಿಎಐನ ನೋಂದಣಿ ಇರುತ್ತದೆ. ಅದಕ್ಕೇ ಜನ ಎಡವುತ್ತಾರೆ. ಮೋಸವೋ ಅಲ್ಲವೋ ಅಂತ ಮಾತ್ರ ನೋಡುತ್ತಾರೆ. ಮೋಸ ಅಲ್ಲ ಅಂತ ಗೊತ್ತಾದ ತಕ್ಷಣ ಒಳ್ಳೆ ಕೆಲಸ ಅಂತ ನಂಬಿಬಿಡುತ್ತಾರೆ. ಇವೆರಡರ ನಡುವೆ ಬಹಳ ದೂರವಿದೆ.

ಆ ಮೇಲ್ ಯಾರು ಕಳಿಸುತ್ತಾರೆ ಅಂತ ಸ್ವಲ್ಪ ಯೋಚನೆ ಮಾಡಿ. ಹೆಚ್ಚಾಗಿ ಕಂಪನಿಯ ಎಚ್‌ಆರ್ ಕಳಿಸಿರುವುದಿಲ್ಲ. ಏಜೆನ್ಸಿ ವಿಭಾಗದ ಒಬ್ಬ ಸೇಲ್ಸ್ ಮ್ಯಾನೇಜರ್ ಕಳಿಸಿರುತ್ತಾನೆ. ಅವನಿಗೆ ಸಂಬಳ ಇದೆ, ಪಿಎಫ್ ಇದೆ. ಆ ಸಂಬಳ ಉಳಿಯಬೇಕಾದರೆ ತಿಂಗಳಿಗೆ ಇಷ್ಟು ಹೊಸ ಏಜೆಂಟ್ ಕೋಡ್ (ಹೊಸ ಏಜೆಂಟರಿಗೆ ಕಂಪನಿ ಕೊಡುವ ನಂಬರ್) ಮಾಡಿಸಬೇಕು, ಆ ಕೋಡ್‌ಗಳಿಂದ ಇಷ್ಟು ಪ್ರೀಮಿಯಂ ಬರಬೇಕು ಅಂತ ಅವನ ಮೇಲೆ ಟಾರ್ಗೆಟ್ ಇರುತ್ತದೆ. ನಿಮ್ಮ ಮಗಳು ಅವನ ಪಾಲಿಗೆ ಒಂದು ಕೋಡ್. ಅವಳು ಬಿ.ಕಾಂ ಮಾಡಿದ್ದಾಳೋ, ಬಿ.ಎಸ್ಸಿ ಮಾಡಿದ್ದಾಳೋ, ಅದು ಅವನಿಗೆ ಬೇಕಾಗಿಲ್ಲ. ಕಾನೂನಿನಲ್ಲಿ ಏಜೆಂಟ್ ಆಗಲು ಹತ್ತನೇ ಕ್ಲಾಸ್ ಪಾಸಾಗಿದ್ದರೆ ಸಾಕು. ಐಸಿ-38 ಅಂತ ಒಂದು ಪರೀಕ್ಷೆ, 50 ಪ್ರಶ್ನೆ, ನೂರಕ್ಕೆ 35 ಬಂದರೆ ಪಾಸ್. ಪರೀಕ್ಷೆ ಇರುವುದು ತಪ್ಪಲ್ಲ, ಇರಲೇಬೇಕು. ಆದರೆ ಪಾಸಾದ ಮಾತ್ರಕ್ಕೆ "ಸೆಲೆಕ್ಟ್ ಆದೆ" ಅಂತ ಮನೆಯವರಿಗೆಲ್ಲ ಸಿಹಿ ಹಂಚುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅಲ್ಲಿ ಆಯ್ಕೆ ಅಂತ ಏನೂ ನಡೆದಿರುವುದಿಲ್ಲ.

ಕೋಡ್ ಬಂದ ಮೇಲೆ ತರಬೇತಿ. ಅಲ್ಲಿ ಮೊದಲ ವಾರವೇ ಒಂದು ಹಾಳೆ ಕೊಡುತ್ತಾರೆ. ಈ ಲೈನಿನವರು ಅದನ್ನು ಪ್ರಾಜೆಕ್ಟ್ 100 ಅನ್ನುತ್ತಾರೆ. ನಿಮಗೆ ಗೊತ್ತಿರುವ ನೂರು ಜನರ ಹೆಸರು, ಫೋನ್ ನಂಬರ್, ವಯಸ್ಸು, ಮಕ್ಕಳೆಷ್ಟು, ಆದಾಯ ಎಷ್ಟಿರಬಹುದು, ಎಲ್ಲ ತುಂಬಬೇಕು. ಇದಕ್ಕೆ ನ್ಯಾಚುರಲ್ ಮಾರ್ಕೆಟ್ ಅಂತ ಹೆಸರು. ಈ ನೇಮಕಾತಿಯ ತಿರುಳೆಲ್ಲ ಆ ಹಾಳೆಯಲ್ಲಿದೆ. ಅವರಿಗೆ ಬೇಕಿರುವುದು ನಿಮ್ಮ ಚಿಕ್ಕಪ್ಪ, ನಿಮ್ಮ ಟ್ಯೂಷನ್ ಟೀಚರ್, ನಿಮ್ಮ ಬಿಲ್ಡಿಂಗಿನ ಸೆಕ್ರೆಟರಿ.

ಮುಂಬೈ ಕನ್ನಡಿಗರಿಗೆ ಇದು ಬೇರೆಯವರಿಗಿಂತ ಜಾಸ್ತಿ ತಟ್ಟುತ್ತದೆ. ನಾವು ಇಲ್ಲಿ ಬದುಕಿರುವುದೇ ಪರಿಚಯದ ಮೇಲೆ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಕುರ್ಲಾದ ಬಂಟರ ಭವನ, ಸಾಂತಾಕ್ರೂಜಿನ ಬಿಲ್ಲವ ಭವನ, ಎಲ್ಲಿಗೆ ಹೋದರೂ ಒಬ್ಬರಿಗೊಬ್ಬರು ಗೊತ್ತು. ಊರಿಂದ ಬಂದವನಿಗೆ ಮಲಗಲು ಜಾಗ, ಹೋಟೆಲಿನಲ್ಲಿ ಕೆಲಸ, ರಾತ್ರಿಶಾಲೆಗೆ ಫೀಸು, ಎಲ್ಲ ಈ ಪರಿಚಯದಿಂದಲೇ ಸಿಕ್ಕಿದೆ. ಫೋರ್ಟಿನ ರಾತ್ರಿಶಾಲೆಗಳಲ್ಲಿ ಓದಿ, ಹಗಲೆಲ್ಲ ಕ್ಯಾಂಟೀನಿನಲ್ಲಿ ದುಡಿದು ಮೇಲೆ ಬಂದವರು ಇವತ್ತು ಅರವತ್ತು ದಾಟಿದ್ದಾರೆ. ಅವರ ಎದುರು ನಮ್ಮ ಹುಡುಗನೊಬ್ಬ ಪಾಲಿಸಿ ಹಿಡಿದು ಕೂತರೆ ಅವರು ಇಲ್ಲ ಅನ್ನುವುದಿಲ್ಲ. ಪಾಲಿಸಿ ಓದುವುದೂ ಇಲ್ಲ. ಹುಡುಗನ ಮುಖ ನೋಡಿ ಚೆಕ್ ಬರೆಯುತ್ತಾರೆ. ಆ ಚೆಕ್ಕಿಗೋಸ್ಕರವೇ ಆ ಮೇಲ್ ಬಂದಿರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಕಮಿಷನ್ ಕಂಪನಿ ನೋಡಿ, ಪಾಲಿಸಿ ನೋಡಿ ಬೇರೆ ಬೇರೆ ಇರುತ್ತದೆ. 2023ರ ಏಪ್ರಿಲ್‌ನಿಂದ ಐಆರ್‌ಡಿಎಐ ಪ್ರತಿ ಪಾಲಿಸಿಗೆ ಇಷ್ಟೇ ಕಮಿಷನ್ ಅನ್ನುವ ಮಿತಿಯನ್ನು ತೆಗೆದು, ಕಂಪನಿಯ ಒಟ್ಟು ಖರ್ಚಿಗೆ ಮಾತ್ರ ಮಿತಿ ಇಟ್ಟಿದೆ. ಸುಮ್ನೆ ಅಂದಾಜಿಗೆ ಮೊದಲ ವರ್ಷ ನೂರಕ್ಕೆ 25 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 30,000 ಪ್ರೀಮಿಯಂ ಇರುವ ಒಂದು ಪಾಲಿಸಿ ಮಾಡಿಸಿದರೆ 7,500 ರೂಪಾಯಿ ಸಿಗುತ್ತದೆ. ತಿಂಗಳಿಗೆ 25,000 ಸಂಪಾದಿಸಬೇಕಾದರೆ ವರ್ಷಕ್ಕೆ 40 ಪಾಲಿಸಿ ಬೇಕು. ಅಂದರೆ ಪ್ರತಿ ವರ್ಷ 30,000 ಕೊಡಬಲ್ಲ 40 ಮನೆಗಳು. ಡಿಗ್ರಿ ಮುಗಿಸಿದ 21 ವರ್ಷದ ಹುಡುಗಿಗೆ ಅಂಥ 40 ಮನೆಗಳು ಎಲ್ಲಿ ಸಿಗುತ್ತವೆ? ಮೊದಲ ಹತ್ತು ಮನೆ ನೆಂಟರದ್ದು. ಆಮೇಲೆ? ಲೋಕಲ್ ಪಾಸು, ಆಟೋ, ಫೋನು, ಕಸ್ಟಮರ್ ಜೊತೆ ಕಾಫಿ, ಎಲ್ಲ ಅವಳದ್ದೇ ಖರ್ಚು. ಎರಡನೇ ವರ್ಷದಿಂದ ಕಮಿಷನ್ ದಪ್ಪೆಂದು ಬೀಳುತ್ತದೆ. ನೂರಕ್ಕೆ ಏಳೂವರೆ ಅಂತ ಹಿಡಿದರೆ ಅದೇ ಪಾಲಿಸಿಗೆ 2,250 ರೂಪಾಯಿ. ಅದೂ ಪಾಲಿಸಿ ಮುಂದುವರಿದರೆ ಮಾತ್ರ.

ಇನ್ನೊಂದು ತೊಂದರೆ ಇದರ ಒಳಗೇ ಇದೆ. ಒಂದು ಸಂಸಾರಕ್ಕೆ ನಿಜವಾಗಿ ಬೇಕಾಗುವುದು ಟರ್ಮ್ ಇನ್ಶೂರೆನ್ಸ್, ಅಂದರೆ ಅವಧಿಯೊಳಗೆ ಸತ್ತರೆ ಮಾತ್ರ ಮನೆಯವರಿಗೆ ಹಣ ಬರುವ ಪಾಲಿಸಿ. ಕಡಿಮೆ ಪ್ರೀಮಿಯಂ, ದೊಡ್ಡ ಮೊತ್ತ. ಪ್ರೀಮಿಯಂ ಕಡಿಮೆ ಆದರೆ ಕೈಗೆ ಬರುವ ಕಮಿಷನ್ನೂ ಕಡಿಮೆ. ಹಾಗಾಗಿ ಸಂಬಳವಿಲ್ಲದ ಏಜೆಂಟ್ ಹಣ ವಾಪಸ್ ಬರುವ ದೊಡ್ಡ ಪ್ರೀಮಿಯಂ ಪಾಲಿಸಿಯನ್ನೇ ತೋರಿಸುತ್ತಾನೆ. ಮನೆ ಬಾಡಿಗೆ ಕಟ್ಟಬೇಕಲ್ಲ ಅವನೂ. ಮೇಲಾಗಿ ಈಗಿನ ನಿಯಮದಲ್ಲಿ ಒಬ್ಬ ಏಜೆಂಟ್ ಒಂದೇ ಒಂದು ಜೀವ ವಿಮಾ ಕಂಪನಿಯ ಪಾಲಿಸಿ ಮಾರಬಹುದು. ನಾಲ್ಕು ಕಂಪನಿ ಹೋಲಿಸಿ ಹೇಳುವ ದಾರಿಯೇ ಅವನಿಗಿಲ್ಲ.

ನಮ್ಮ ಬಿಲ್ಡಿಂಗಿನ ಒಬ್ಬ ಹುಡುಗಿ ಇಂಥದೇ ಮೇಲ್ ನಂಬಿ ಸೇರಿದಳು. ಮಾರ್ಚ್ ಕೊನೆಯಲ್ಲಿ ಟಾರ್ಗೆಟ್ ತುಂಬಲಿಲ್ಲ. ಮ್ಯಾನೇಜರ್ ನಯವಾಗಿ ಹೇಳಿದನಂತೆ: "ಅಮ್ಮನ ಹೆಸರಲ್ಲಿ ಒಂದು ಮಾಡಿಸು, ಕೋಡ್ ಆಕ್ಟಿವ್ ಇರ್ತದೆ." ಅಮ್ಮ ಮನೆಯಲ್ಲಿ ಚಪಾತಿ ಮಾಡಿ ಮಾರುವವರು. ಮೊದಲ ಪ್ರೀಮಿಯಂ ಕಟ್ಟಿದರು, ಎರಡನೆಯದಕ್ಕೆ ಹಣ ಇರಲಿಲ್ಲ. ಅಷ್ಟರಲ್ಲಿ ಹುಡುಗಿ ಕೆಲಸ ಬಿಟ್ಟಾಗಿತ್ತು, ಮ್ಯಾನೇಜರ್ ಬೇರೆ ಕಂಪನಿಗೆ ಹೋಗಿಯಾಗಿತ್ತು. ಅವಳು ಪಾಲಿಸಿ ಮಾಡಿಸಿದ ಅತ್ತೆ ಮಾವಂದಿರ ಎದುರು ಈಗಲೂ ಅವಳಿಗೆ ಮುಜುಗರ. ಏಜೆಂಟ್ ಬಿಟ್ಟುಹೋದ ಪಾಲಿಸಿಗೆ ಈ ವ್ಯವಹಾರದಲ್ಲಿ ಆರ್ಫನ್ ಪಾಲಿಸಿ ಅನ್ನುತ್ತಾರೆ. ನೆನಪು ಮಾಡಿ ಕಂತು ಕಟ್ಟಿಸುವವರಿಲ್ಲ, ಕ್ಲೇಮ್ ಬಂದರೆ ಓಡಾಡುವವರಿಲ್ಲ. ನನ್ನ ಸಿಟ್ಟು ಇಲ್ಲಿದೆ. ಹುಡುಗಿ ಸೋತಳು ಅಂತ ಎಲ್ಲರೂ ಹೇಳಿದರು. ಅವಳನ್ನು ಸೇರಿಸಿಕೊಂಡ ಪದ್ಧತಿಗೆ ಅವಳಿಂದ ಏನು ಬೇಕಿತ್ತೋ ಅದು ಮೊದಲ ಮೂರು ತಿಂಗಳಲ್ಲೇ ಸಿಕ್ಕಿಹೋಗಿತ್ತು.

ಹಾಗಾದರೆ ಮೇಲ್ ಬಂದಾಗ ಏನು ನೋಡಬೇಕು? ನಾನು ಮೊದಲು ಹುಡುಕುವುದು ಸಂಬಳದ ಸಾಲು. "ತಿಂಗಳಿಗೆ 80,000ದವರೆಗೆ ಗಳಿಸಬಹುದು" ಅನ್ನುವುದು ಸಂಬಳ ಅಲ್ಲ. ಸಂಬಳ ಇದ್ದರೆ ನೀವು ಕಂಪನಿಯ ನೌಕರರು, ಪಿಎಫ್ ನಂಬರ್, ನೇಮಕಾತಿ ಪತ್ರ ಇರುತ್ತದೆ. ಇಲ್ಲದಿದ್ದರೆ ಅದು ಏಜೆನ್ಸಿ, ಅಂದರೆ ನೀವು ನಿಮ್ಮ ಖರ್ಚಿನಲ್ಲಿ ನಡೆಸುವ ವ್ಯಾಪಾರ. ವ್ಯಾಪಾರ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಗೊತ್ತಿದ್ದು ಮಾಡಿ. ಆಮೇಲೆ, ನಿಮ್ಮ ರೆಸ್ಯೂಮೆಯ ಒಂದಾದರೂ ವಿಷಯ ಆ ಮೇಲಿನಲ್ಲಿ ಇದೆಯಾ ನೋಡಿ. ನಿಮ್ಮ ಕಾಲೇಜು, ನೀವು ಮಾಡಿದ ಕೆಲಸ, ಏನಾದರೂ. ಹೆಸರು ಬಿಟ್ಟರೆ ಬೇರೇನೂ ಇಲ್ಲದಿದ್ದರೆ ಅದು ಸಾವಿರ ಜನರಿಗೆ ಹೋದ ಮೇಲ್. ಕಳಿಸಿದವರ ವಿಳಾಸ ಕಂಪನಿಯದ್ದಾ, ಜಿಮೇಲ್‌ನದ್ದಾ? ಕಂಪನಿಯ ಹೆಸರೇ ಹೇಳದೆ "ಪ್ರಸಿದ್ಧ ಬಿಎಫ್‌ಎಸ್‌ಐ ಸಂಸ್ಥೆ" (ಬ್ಯಾಂಕು, ಹಣಕಾಸು, ವಿಮೆಯ ಸಂಸ್ಥೆ) ಅಂತ ಬರೆದಿದ್ದರೆ ಅಲ್ಲಿಗೇ ಮುಚ್ಚಿಬಿಡಿ.

ಅನುಮಾನ ಉಳಿದರೆ ಒಂದು ಸಾಲಿನ ಉತ್ತರ ಬರೆಯಿರಿ: "ಇದು ಸಂಬಳದ ನೌಕರಿಯೇ, ಏಜೆನ್ಸಿಯೇ? ದಯವಿಟ್ಟು ಮೇಲ್‌ನಲ್ಲೇ ತಿಳಿಸಿ." ನೇರ ಜನ ನೇರವಾಗಿ ಹೇಳುತ್ತಾರೆ. "ಆಫೀಸಿಗೆ ಬನ್ನಿ, ಎಲ್ಲ ಹೇಳ್ತೀವಿ" ಅಂದರೆ ಉತ್ತರ ಸಿಕ್ಕಿದ ಹಾಗೆಯೇ. ಆಫೀಸಿಗೆ ಹೋದರೂ ಇನ್ನೊಂದು ಕೇಳಿ: ಕಳೆದ ವರ್ಷ ನೀವು ಸೇರಿಸಿಕೊಂಡವರಲ್ಲಿ ಈಗ ಎಷ್ಟು ಜನ ಕೆಲಸ ಮಾಡುತ್ತಿದ್ದಾರೆ? ಅವರಲ್ಲಿ ಒಬ್ಬರ ಜೊತೆ ಮಾತಾಡಬಹುದಾ?

ದುಡ್ಡು ಕೇಳುವವರ ಕಥೆ ಬೇರೆ. ರಿಜಿಸ್ಟ್ರೇಷನ್ ಫೀಸು, ಲ್ಯಾಪ್‌ಟಾಪ್ ಡೆಪಾಸಿಟ್, ಸೀಟ್ ಬ್ಲಾಕ್ ಮಾಡಲು ಹಣ ಅಂದರೆ ಅದು ವಂಚನೆ. ಕೊಟ್ಟಾಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹತ್ತು ಜನರನ್ನು ಸೇರಿಸಿದರೆ ಅವರ ಪಾಲಿಸಿಯಿಂದಲೂ ನಿಮಗೆ ಪಾಲು ಅನ್ನುವ ಸರಪಳಿ ಸ್ಕೀಮಿನ ಮಾತು ಬಂದರೆ ಎದ್ದು ಬನ್ನಿ. ಸರಪಳಿ ವ್ಯಾಪಾರದ ಮೂಲಕ ವಿಮೆ ಮಾರುವುದನ್ನು 2015ರ ತಿದ್ದುಪಡಿಯಲ್ಲೇ ನಿಷೇಧಿಸಲಾಗಿದೆ. ನಿಮ್ಮ ಕಮಿಷನ್ನಿನಲ್ಲಿ ಕಸ್ಟಮರ್‌ಗೆ ಸ್ವಲ್ಪ ವಾಪಸ್ ಕೊಟ್ಟು ಪಾಲಿಸಿ ಮಾಡಿಸಿ ಅಂತ ಹೇಳಿಕೊಟ್ಟರೆ ಅದೂ ಅಪರಾಧ. 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಇರುವುದೇ ಅದಕ್ಕೆ.

ಏಜೆಂಟರ ಮೇಲೆ ನನಗೆ ಕೋಪವಿಲ್ಲ. ನಿಜ ಹೇಳಬೇಕೆಂದರೆ ಬಹಳ ಗೌರವ ಇದೆ. ಹೋಟೆಲ್ ಹುಡುಗರ ಮಧ್ಯಾಹ್ನದ ಬಿಡುವಿನಲ್ಲಿ ಅಡುಗೆಮನೆ ಹಿಂದೆ ಕೂತು ಫಾರ್ಮ್ ತುಂಬಿಸಿದ ಹಳೇ ಎಲ್‌ಐಸಿ ಏಜೆಂಟರು ನಮ್ಮಲ್ಲಿ ಇದ್ದರು, ಈಗಲೂ ಇದ್ದಾರೆ. ದುಡಿಯುವ ಗಂಡಸು ಹೋದಾಗ ಊರಲ್ಲಿರುವ ಹೆಂಡತಿಗೆ ಡೆತ್ ಕ್ಲೇಮ್ ತಲುಪುವವರೆಗೆ ಬೆನ್ನು ಬಿಡದವರು ಅವರು. ಇಪ್ಪತ್ತು ವರ್ಷ ಅದೇ ರಸ್ತೆಯಲ್ಲಿ ಓಡಾಡಿದ ಮೇಲೆ ಅವರ ಸಂಸಾರ ರಿನ್ಯೂವಲ್ ಕಮಿಷನ್ನಿನಲ್ಲಿ, ಅಂದರೆ ಹಳೇ ಪಾಲಿಸಿಗಳ ಮುಂದಿನ ವರ್ಷಗಳ ಕಮಿಷನ್ನಿನಲ್ಲಿ, ನಡೆಯುತ್ತಿದೆ. ಎಲ್‌ಐಸಿ ಏಜೆಂಟರಿಗೆ ಗ್ರಾಚ್ಯುಟಿಯೂ ಇದೆ, 2023ರಲ್ಲಿ ಅದರ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಆದರೆ ಅವರು ಮೊದಲ ವರ್ಷಗಳನ್ನು ದಾಟಿದ್ದು ಹೇಗೆ ಅಂತ ಕೇಳಿ ನೋಡಿ. ಹೆಂಡತಿಗೆ ಶಾಲೆಯಲ್ಲಿ ಕೆಲಸ ಇತ್ತು, ಅಥವಾ ತಾವೇ ಬೇರೆ ನೌಕರಿ ಮಾಡುತ್ತಾ ಸಂಜೆ ಇದನ್ನು ಮಾಡಿದರು. ಖಾಲಿ ಜೇಬಿನಲ್ಲಿ ಯಾರೂ ದಾಟಿಲ್ಲ.

ಮೊದಲ ವರ್ಷಗಳಲ್ಲಿ ಆಸರೆ ಬೇಕು ಅನ್ನುವುದು ಎಲ್‌ಐಸಿಗೂ ಗೊತ್ತಿದೆ. 2024ರ ಡಿಸೆಂಬರ್‌ನಲ್ಲಿ ಶುರುವಾದ ಬೀಮಾ ಸಖಿ ಯೋಜನೆಯಲ್ಲಿ ಹೊಸ ಮಹಿಳಾ ಏಜೆಂಟರಿಗೆ ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂಪಾಯಿ ಸ್ಟೈಪೆಂಡ್ ಇದೆ. ಷರತ್ತುಗಳಿವೆ, ಮಾಡಿಸಿದ ಪಾಲಿಸಿಗಳು ಮುಂದುವರಿಯಬೇಕು. ಮುಂಬೈ ಖರ್ಚಿಗೆ ಅದು ಯಾವ ಮೂಲೆಗೂ ಸಾಲದು. ಆದರೂ ಹೊಸಬರಿಗೆ ಕೆಲಕಾಲ ಕೈ ಹಿಡಿಯಬೇಕು ಅನ್ನುವುದನ್ನು ಅಷ್ಟಾದರೂ ಒಪ್ಪಿಕೊಂಡಿದ್ದಾರಲ್ಲ. "ಮಿತಿಯಿಲ್ಲದ ಆದಾಯ" ಅಂತ ಮೇಲ್ ಕಳಿಸುವವರಿಗೆ ನಾನು ಕೇಳುವುದು ಇಷ್ಟೇ: ನಿಮ್ಮ ಹೊಸ ಏಜೆಂಟ್ ಮೊದಲ ಆರು ತಿಂಗಳು ಏನು ತಿನ್ನಬೇಕು?

ಈಗಾಗಲೇ ಯಾರದೋ ಮುಲಾಜಿಗೆ ಪಾಲಿಸಿ ತೆಗೆದುಕೊಂಡವರಿಗೆ ಒಂದು ಮಾತು. ಪಾಲಿಸಿ ಕೈಗೆ ಬಂದ ದಿನದಿಂದ 30 ದಿನದೊಳಗೆ ಅದನ್ನು ವಾಪಸ್ ಮಾಡಬಹುದು. ಸ್ವಲ್ಪ ಕಡಿತ ಬಿಟ್ಟು ಹಣ ಹಿಂದಕ್ಕೆ ಬರುತ್ತದೆ. ಇದಕ್ಕೆ ಫ್ರೀ ಲುಕ್ ಅನ್ನುತ್ತಾರೆ. ಕಂಪನಿ ನಿಮ್ಮ ಮಾತು ಕೇಳದಿದ್ದರೆ ಐಆರ್‌ಡಿಎಐನ ಬೀಮಾ ಭರೋಸಾ ವೆಬ್‌ಸೈಟಿನಲ್ಲಿ ದೂರು ಕೊಡಬಹುದು, 155255ಕ್ಕೆ ಫೋನ್ ಮಾಡಲೂಬಹುದು.

ಇನ್ನು ನಮ್ಮ ಸಂಘಗಳ ಪದಾಧಿಕಾರಿಗಳಿಗೆ. ನಿಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ "ಕನ್ನಡಿಗರಿಗೆ ಸುವರ್ಣಾವಕಾಶ" ಅಂತ ಇದೇ ಮೇಲ್‌ಗಳು ಪೋಸ್ಟರ್ ಆಗಿ ಬರುತ್ತಿವೆ. ನೀವು ಹಾಕಿದ್ದು ಅಂದರೆ ಜನ ಕಣ್ಣು ಮುಚ್ಚಿ ನಂಬುತ್ತಾರೆ. ದಯವಿಟ್ಟು ಒಂದು ನಿಯಮ ಮಾಡಿ. ಕೆಲಸದ ಪೋಸ್ಟ್ ಹಾಕುವವರು ಮೊದಲ ಸಾಲಿನಲ್ಲೇ ಸಂಬಳವೋ ಕಮಿಷನ್ನೋ ಅಂತ ಬರೆಯಬೇಕು, ಸಂಬಳ ಇದ್ದರೆ ಮೊತ್ತ ಹಾಕಬೇಕು, ಕಂಪನಿಯ ಹೆಸರು ಇರಬೇಕು. ಇಲ್ಲದ ಪೋಸ್ಟನ್ನು ಅಡ್ಮಿನ್ ತೆಗೆಯಬೇಕು. ಹಾಕಿದವರು ಸಂಘಕ್ಕೆ ದೇಣಿಗೆ ಕೊಡುವವರೇ ಆಗಿದ್ದರೂ ಸರಿ.