ಎಚ್‌ಐವಿ ಇರೋರ ಮುರಿದ ಮೂಳೆಗೆ ರಾಡ್ ಹಾಕ್ಬೇಕಾ, ಬೇಡ್ವಾ?

ಪರ: ಎಲ್ರಿಗೂ ಹಾಕೋ ಹಾಗೇ ಹಾಕಿ

ಬೈಕಿಂದ ಬಿದ್ದು ತೊಡೆ ಮೂಳೆ ಮುರ್ಕೊಂಡ್ ಬಂದೋರಿಗೆ ಒಳಗೆ ರಾಡ್ ಹಾಕಿ, ವಾಕರ್ ಹಿಡ್ಸಿ ಬೇಗ ನಡೆಸ್ತಾರೆ. ಆದ್ರೆ ರಕ್ತದ ರಿಪೋರ್ಟಲ್ಲಿ ಎಚ್‌ಐವಿ ರಿಯಾಕ್ಟಿವ್, ಅಂದ್ರೆ ಸೋಂಕಿನ ಸೂಚನೆ ಇದೆ ಅಂತ ಬಂದ್ರೆ ಸಾಕು, ಮಾತಿನ ಧಾಟಿನೇ ಬದಲಾಗುತ್ತೆ, ಗಾಯ ಕೀವಾಗುತ್ತೆ, ಇವ್ರಿಗೆ ಆಪರೇಷನ್ ಬೇಡ ಅಂತಾರೆ. ನಮ್ಮ ಸಂಬಂಧಿಕರೊಬ್ರಿಗೆ ಹೀಗೇ ಆಯ್ತು, ಚರ್ಮ ಒಂಚೂರೂ ಹರಿದಿರ್ಲಿಲ್ಲ, ಆದ್ರೂ ಕಾಲಿಗೆ ತೂಕ ಕಟ್ಟಿ ಆರು ವಾರ ಮಲಗ್ಸಿದ್ರು. ಸೊಂಟದ ಕೆಳಗೆ ಅಂಗೈ ಅಗಲ ಹುಣ್ಣಾಯ್ತು, ಮೂಳೆ ಸೊಟ್ಟಗೆ ಕೂಡ್ತು, ಈಗ್ಲೂ ಆ ಕಾಲಿನ ಚಪ್ಪಲಿಗೆ ದಪ್ಪ ಅಟ್ಟೆ ಹೊಲಿಸ್ಕೊಂಡು ಓಡಾಡ್ತಾರೆ. ಕೀವಾಗ್ಬಾರ್ದು ಅಂತ ಮಲಗ್ಸಿದ್ದು, ಕೊನೆಗೆ ಕೀವಾಗಿದ್ದು ಮಲಗಿದ್ದಕ್ಕೇ.

ಭಯಕ್ಕೆ ಆಧಾರ ಇದ್ಯಾ ಅಂದ್ರೆ, ಮಲಾವಿ ದೇಶದ ಬ್ಲಾಂಟೈರ್‌ನಲ್ಲಿ ಮೂಳೆ ಡಾಕ್ಟ್ರುಗಳು ಇದನ್ನ ಎಣಿಸಿ ನೋಡಿ 2002ರಲ್ಲಿ ಬರೆದ್ರು. ಗಾಯಕ್ಕೆ ಮೊದಲೇ ಕೊಳೆ ಸೇರದೇ ಇದ್ದ ಕೇಸಲ್ಲಿ ಪ್ಲೇಟು ರಾಡು ಹಾಕಿದ್ಮೇಲೆ ಇನ್ಫೆಕ್ಷನ್ ಆಗಿದ್ದು ಎಚ್‌ಐವಿ ಇದ್ದೋರಲ್ಲಿ 3.5%, ಇಲ್ದೋರಲ್ಲಿ 5%. ಅದೂ ಅಲ್ಲಿ ಎಚ್‌ಐವಿನ ಹತೋಟೀಲಿಡೋ ಎಆರ್‌ಟಿ ಮಾತ್ರೆ ಸಾಮಾನ್ಯ ಜನಕ್ಕೆ ಸಿಗದ ಕಾಲದಲ್ಲಿ! ನಮ್ಮಲ್ಲಿ 2004ರಿಂದ ಸರ್ಕಾರಾನೇ ಫ್ರೀ ಕೊಡ್ತಿದೆ, ದಿನಾ ತಗೊಂಡು ವೈರಲ್ ಲೋಡ್ (ರಕ್ತದಲ್ಲಿರೋ ವೈರಸ್ ಪ್ರಮಾಣ) ಇಳಿದಿರೋ ಮನುಷ್ಯನ್ನ ಇಪ್ಪತ್ತು ವರ್ಷದ ಹಿಂದಿನ ಕಣ್ಣಲ್ಲೇ ನೋಡ್ತೀವಲ್ಲ, ಹೊಟ್ಟೆ ಉರಿಯುತ್ತೆ. ಎಚ್‌ಐವಿ ಇದೆ ಅಂತ ಚಿಕಿತ್ಸೆ ಕೊಡಲ್ಲ ಅನ್ನೋದನ್ನ 2017ರ ಎಚ್‌ಐವಿ-ಏಡ್ಸ್ ಕಾಯ್ದೆ ನಿಷೇಧ ಮಾಡಿದೆ, ಅದು 2018ರ ಸೆಪ್ಟೆಂಬರಿಂದ ಜಾರೀಲಿದೆ. ಇನ್ಫೆಕ್ಷನ್ ರಿಸ್ಕ್ ಅನ್ನೋ ಮಾತು ಎಷ್ಟೋ ಸಲ ಅದೇ ನಿರಾಕರಣೆಗೆ ಹಾಕಿರೋ ಮರ್ಯಾದಸ್ತ ಬಟ್ಟೆ.

ವಿರೋಧ: ಮೊದಲು ಗಾಯ ನೋಡಿ

ಮೇಲಿನ ಮಾತಲ್ಲಿ ಚರ್ಮ ಹರಿಯದ ಮುರಿತದ ಬಗ್ಗೆ ನನ್ನ ತಕರಾರಿಲ್ಲ, ಹಾಕ್ಲೇಬೇಕು. ಆದ್ರೆ ಅದೇ ಬ್ಲಾಂಟೈರ್ ಲೆಕ್ಕದ ಇನ್ನೊಂದು ಸಾಲು ಯಾರೂ ಓದಲ್ಲ. ಗಾಯಕ್ಕೆ ಕೊಳೆ ಸೇರಿದ್ದ ಕೇಸಲ್ಲಿ ಎಚ್‌ಐವಿ ಇದ್ದೋರಿಗೆ ಇನ್ಫೆಕ್ಷನ್ 42%, ಇಲ್ದೋರಿಗೆ 11%. ಬೆರಳೆಣಿಕೆಯಷ್ಟು ಜನರ ಲೆಕ್ಕ, ಒಪ್ತೀನಿ, ಆದ್ರೂ ಆ ಹುಣ್ಣಿಗೆ ಡ್ರೆಸ್ಸಿಂಗ್ ಮಾಡೋ ಕೈಗೆ ಅದು ಸಣ್ಣ ಲೆಕ್ಕ ಅಲ್ಲ.

ಮೊಣಕಾಲ ಕೆಳಗೆ ಮುಂದುಗಡೆ ಚರ್ಮದಡಿಗೇ ಮೂಳೆ, ಮಧ್ಯೆ ಮಾಂಸಾನೇ ಇಲ್ಲ, ಅಲ್ಲಿ ಮುರಿದ್ರೆ ಮೂಳೆ ಸುಲಭವಾಗಿ ಆಚೆ ಬಂದ್ಬಿಡಬಹುದು, ಬಂದ್ರೆ ಜೊತೆಗೆ ರಸ್ತೆ ಮಣ್ಣು, ಪ್ಯಾಂಟಿನ ಚೂರು. ಬಾಟಲಿ ಮೇಲೆ ಬಾಟಲಿ ಸಲೈನ್ ಸುರಿದು ತೊಳೆದ್ರೂ ಎಳೆ ಸಿಗ್ತಾನೇ ಇರುತ್ತೆ. ಅಂಥ ಜಾಗಕ್ಕೆ ಅವತ್ತೇ ಸ್ಟೀಲ್ ಇಟ್ರೆ ಬ್ಯಾಕ್ಟೀರಿಯಾ ಅದರ ಮೈಮೇಲೆ ಲೋಳೆ ಪದರ ಕಟ್ಕೊಂಡು ಕೂತ್ಬಿಡುತ್ತೆ, ಆಮೇಲೆ ಎಂಥ ಆಂಟಿಬಯಾಟಿಕ್ ಕೊಟ್ರೂ ಅಲ್ಲಿಗೆ ಸರಿಯಾಗಿ ಮುಟ್ಟಲ್ಲ, ಎಷ್ಟೋ ಸಲ ರಾಡನ್ನೇ ತೆಗೀಬೇಕಾಗುತ್ತೆ. ಯಾರಿಗಾದ್ರೂ ಇದು ಕಷ್ಟಾನೇ, ಸಿಡಿ4 (ರೋಗದ ವಿರುದ್ಧ ಹೋರಾಡೋ ರಕ್ತಕಣಗಳ ಎಣಿಕೆ) 200ಕ್ಕಿಂತ ಕೆಳಗಿದ್ದು ಎಆರ್‌ಟಿ ಮಾತ್ರೆನೂ ಶುರುವಾಗದೇ ಇರೋರಿಗೆ ಇನ್ನೂ ಕಷ್ಟ ಆಗ್ಬಹುದು.

ಹಾಗಂತ ಮಲಗ್ಸಿಬಿಡಿ ಅಂತಿಲ್ಲ. ರೋಗಿ ಬಂದ ಕೂಡ್ಲೇ ಆಂಟಿಬಯಾಟಿಕ್ ಕೊಡಿ, ಸತ್ತ ಮಾಂಸ ಕತ್ತರಿಸಿ ತೊಳೀರಿ, ಹೊರಗಿಂದ ಪಿನ್ನು ಫ್ರೇಮು ಹಾಕಿ ಮೂಳೆ ಹಿಡಿದಿಡಿ, ಗಾಯ ಶುದ್ಧ ಆದ್ಮೇಲೆ ಒಳಗಿನ ರಾಡ್ ಯೋಚ್ನೆ ಮಾಡಿ. ಪಿನ್ ಸುತ್ತಲೂ ಕೀವಾಗ್ಬಹುದು, ಆದ್ರೆ ಅದು ಕಣ್ಣಿಗೆ ಕಾಣುತ್ತೆ, ಒರೆಸ್ಬಹುದು.

ಇನ್ನೊಂದು ವಿಷ್ಯ. ವಾರ್ಡಲ್ಲಿ ಪಕ್ಕದ ಬೆಡ್ಡಿನೋರು ನೋಡ್ತಾರೆ ಅಂತ ಎಆರ್‌ಟಿ ಡಬ್ಬಿನ ದಿಂಬಿನ ಕವರೊಳಗೆ ಬಚ್ಚಿಟ್ಟು ನಾಲ್ಕು ದಿನ ನುಂಗದೇ ಇದ್ದೋರನ್ನ ನಾನೇ ನೋಡಿದೀನಿ. ರಾಡ್ ಹಾಕೋ ಮುಂಚೆ ಪರದೆ ಎಳೆದು, ಮಾತ್ರೆ ತಗೊಂಡ್ರಾ ಅಂತ ಮೆತ್ತಗೆ ಕೇಳಿ.