ಶಿಯಾನ್‌ನಲ್ಲಿ ರೊಟ್ಟಿ ಮುರಿದದ್ದು

ಕಂಪನಿ ಕೆಲಸಕ್ಕೆ ಅಂತ ಚೀನಾದ ಶಿಯಾನ್‌ಗೆ ಹೋದವನಿಗೆ ಒಂದು ಭಾನುವಾರ ಪೂರ್ತಿ ಬಿಡುವು ಸಿಕ್ಕಿತು. ಜೊತೆಯವರೆಲ್ಲ ಮಣ್ಣಿನ ಸೈನಿಕರನ್ನು ನೋಡಲು ಬಸ್ ಹತ್ತಿದರು. ನಾನು ಹೋಗಲಿಲ್ಲ. ನನಗೆ ಹ್ಯೂಯೆನ್ ತ್ಸಾಂಗ್ ಬೇಕಿತ್ತು. ಸ್ಕೂಲಿನಲ್ಲಿ ‘ಪುಲಕೇಶಿಯ ರಾಜ್ಯಕ್ಕೆ ಬಂದ ಚೀನಿ ಯಾತ್ರಿಕ ಯಾರು?’ ಅನ್ನುವ ಒಂದು ಮಾರ್ಕಿನ ಪ್ರಶ್ನೆಗೆ ‘ಫಾಹಿಯಾನ್’ ಅಂತ ಬರೆದು ಮೇಷ್ಟ್ರಿಂದ ಬೈಸಿಕೊಂಡವನು ನಾನು. ಹಳೇ ಬಾಕಿ ತೀರಿಸಬೇಕಿತ್ತು.

ಟ್ಯಾಕ್ಸಿ ಹತ್ತಿ ‘ಹ್ಯೂಯೆನ್ ತ್ಸಾಂಗ್’ ಅಂದೆ. ಡ್ರೈವರ್ ನನ್ನ ಮುಖ ನೋಡಿದ. ಇನ್ನೂ ಜೋರಾಗಿ ಅಂದೆ. ಅವನು ಕನಿಕರದಿಂದ ನೀರಿನ ಬಾಟಲಿ ಕೊಟ್ಟ. ಅಲ್ಲಿಯವರ ಬಾಯಲ್ಲಿ ಆ ಹೆಸರು ‘ಶ್ವೆನ್‌ಝಾಂಗ್’ ಅಂತೆ. ಅದು ಗೊತ್ತಾಗುವಷ್ಟರಲ್ಲಿ ಅವನು ನನ್ನನ್ನು ಕೋಟೆಯ ದಕ್ಷಿಣ ಬಾಗಿಲಲ್ಲಿ ಇಳಿಸಿ ಹೋಗಿಯಾಗಿತ್ತು. ಫಾರಿನ್‌ನವರೆಲ್ಲ ಅಲ್ಲಿಗೇ ತಾನೇ ಬರುವುದು.

ಸರಿ, ಕೋಟೆಯನ್ನೂ ನೋಡೋಣ ಅಂತ ಹತ್ತಿದೆ. ಮಿಂಗ್ ರಾಜರ ಕಾಲದ್ದು. ಊರಿನ ಸುತ್ತ 13.7 ಕಿಲೋಮೀಟರ್ ಗೋಡೆ, 12 ಮೀಟರ್ ಎತ್ತರ. ಮೇಲೆ ಎರಡು ಲಾರಿ ಅಕ್ಕಪಕ್ಕ ಆರಾಮಾಗಿ ಹೋಗುವಷ್ಟು ಅಗಲ. ಬಾಡಿಗೆ ಸೈಕಲ್ ಸಿಗುತ್ತದೆ. ಕೆಳಗಿನ ಇಟ್ಟಿಗೆ ಮಾತ್ರ ಒಂದೊಂದೂ ಒಂದೊಂದು ಕಡೆ ತಲೆ ಎತ್ತಿಕೊಂಡಿರುತ್ತದೆ. ಕಾಲು ಗಂಟೆಯಲ್ಲಿ ನನ್ನ ಕೂರುವ ಭಾಗಕ್ಕೆ ಪ್ರತಿ ಇಟ್ಟಿಗೆಯ ಪರಿಚಯವಾಯಿತು. ನಾಲ್ಕು ದಿಕ್ಕಿನ ಬಾಗಿಲುಗಳೂ ನನ್ನ ಕಣ್ಣಿಗೆ ಒಂದೇ ಥರ. ‘ದಕ್ಷಿಣ ಬಂತು’ ಅಂತ ಮೂರು ಸಲ ಇಳಿದೆ. ಮೂರು ಸಲವೂ ದಕ್ಷಿಣ ಬಂದಿರಲಿಲ್ಲ.

ಹಸಿವು ಜೋರಾಯಿತು. ಡ್ರಮ್ ಟವರ್ ಹಿಂದಿನ ಮುಸ್ಲಿಂ ಬೀದಿಗೆ ನುಗ್ಗಿದೆ. ಜೀರಿಗೆ, ಒಣಮೆಣಸಿನಕಾಯಿ ಘಾಟು. ಕಣ್ಣು ಮುಚ್ಚಿಕೊಂಡರೆ ನಮ್ಮ ಶಿವಾಜಿನಗರ. ನಾನು ಶುದ್ಧ ಸಸ್ಯಾಹಾರಿ. ಒಂದು ಅಂಗಡಿಯಲ್ಲಿ ಅಜ್ಜನೊಬ್ಬರ ಮುಂದೆ ದೊಡ್ಡ ಬಟ್ಟಲು, ಅದರಲ್ಲಿ ಬರೀ ರೊಟ್ಟಿ. ಪರಮಾನಂದವಾಯಿತು. ‘ಅದೇ ಕೊಡಿ’ ಅಂತ ಬೆರಳು ತೋರಿಸಿದೆ.

ಬಂತು. ಖಾಲಿ ಬಟ್ಟಲು, ಎರಡು ರೊಟ್ಟಿ. ದಪ್ಪ, ಬಿಳಿ, ಉಪ್ಪಿಲ್ಲ. ಹೊಸ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ. ಪರದೇಶದಲ್ಲಿ ಇಷ್ಟು ಸಿಕ್ಕಿದ್ದೇ ಪುಣ್ಯ ಅಂತ ಒಂದು ತುದಿ ಕಚ್ಚಿದೆ. ಅಜ್ಜನ ಕೈ ಅಲ್ಲೇ ನಿಂತಿತು. ನಾನು ಅವರ ಮನೆದೇವರನ್ನು ಕಚ್ಚಿದ ಹಾಗೆ ನೋಡಿದರು. ಎದ್ದು ಬಂದರು. ನನ್ನ ಕೈಯಿಂದ ರೊಟ್ಟಿ ಕಿತ್ತುಕೊಂಡು, ಒಂದು ಚೂರು ಚಿವುಟಿ ತೋರಿಸಿದರು. ಅವರೆಕಾಳಿನ ಅರ್ಧ ಗಾತ್ರ. ನಾನು ಸ್ವಲ್ಪ ದೊಡ್ಡ ಚೂರು ಹಾಕಿದರೆ ‘ಉಹ್’ ಅಂತ ತೆಗೆದು ಮತ್ತೆ ಮುರಿಯುತ್ತಿದ್ದರು. ಹಿತಕವರೆ ಬಿಡಿಸುವಾಗ ನಮ್ಮಜ್ಜಿ ಕೂಡ ಇಷ್ಟು ಕಾಟ ಕೊಟ್ಟಿರಲಿಲ್ಲ. ಅರ್ಧ ಗಂಟೆ ಮುರಿದೆ. ಹೆಬ್ಬೆರಳು ಬಾತುಕೊಂಡಿತು. ಕೊನೆಗೆ ಬಟ್ಟಲು ನೋಡಿ ಅಜ್ಜ ತಲೆಯಾಡಿಸಿದರು. ಡಿಸ್ಟಿಂಕ್ಷನ್ ಬಂದಷ್ಟು ಖುಷಿ ನನಗೆ.

ತಕ್ಷಣ ಹುಡುಗಿ ಬಂದು ಬಟ್ಟಲು ಒಳಗೆ ಒಯ್ದಳು. ವಾಪಸ್ ಬಂದಾಗ ನನ್ನ ಚೂರುಗಳೆಲ್ಲ ಕುದಿಯುವ ಕುರಿ ಸೂಪಿನಲ್ಲಿ ತೇಲುತ್ತಿದ್ದವು. ಮೇಲೆ ನಾಲ್ಕು ಮಾಂಸದ ತುಂಡು. ಅದೇ ಊರಿನ ಹೆಸರಾಂತ ‘ಯಾಂಗ್‌ರೋ ಪಾವ್‌ಮೋ’. ಅಜ್ಜ ಹೆಬ್ಬೆರಳೆತ್ತಿ ‘ತಿನ್ನು’ ಅಂದರು. ನಾನು ಸಿಹಿ ಬೆಳ್ಳುಳ್ಳಿ ಉಪ್ಪಿನಕಾಯಿ ತಿಂದು, ದುಡ್ಡು ಕೊಟ್ಟು, ಅವರ ಕಣ್ಣು ತಪ್ಪಿಸಿ ಓಡಿದೆ. ಆಚೆ ಗಾಡಿಯಲ್ಲಿ ‘ಲಿಯಾಂಗ್‌ಪಿ’ ಸಿಕ್ಕಿತು. ತಣ್ಣಗಿನ ಅಗಲ ನೂಡಲ್ಸ್, ಸೌತೆಕಾಯಿ, ವಿನಿಗರ್, ಕೆಂಪು ಎಣ್ಣೆ. ಎರಡು ಪ್ಲೇಟ್ ತಿಂದೆ. ಸುಮ್ನೆ ಹೇಳ್ತಿಲ್ಲ, ಅದಕ್ಕೋಸ್ಕರ ಮತ್ತೆ ಹೋಗಬಹುದು.

ಸಂಜೆ ಅಂತೂ ‘ದಾ ಯೆನ್ ಥಾ’ ತಲುಪಿದೆ, ಈ ಸಲ ಮ್ಯಾಪ್ ತೋರಿಸಿ. ಹ್ಯೂಯೆನ್ ತ್ಸಾಂಗ್ ಭಾರತದಿಂದ ಹೊತ್ತು ತಂದ ಗ್ರಂಥಗಳನ್ನು ಇಡಲು 652ರಲ್ಲಿ ಕಟ್ಟಿಸಿದ ಗೋಪುರ. ಏಳು ಅಂತಸ್ತು. ಹೆಸರಿನ ಅರ್ಥ ಕಾಡು ಹೆಬ್ಬಾತಿನ ದೊಡ್ಡ ಗೋಪುರ. ಮಾಂಸ ಸಿಗದೆ ಗೊಣಗುತ್ತಿದ್ದ ಸನ್ಯಾಸಿಗಳ ಮುಂದೆ ಆಕಾಶದಿಂದ ಒಂದು ಹೆಬ್ಬಾತು ಬಿದ್ದು ಸತ್ತಿತಂತೆ. ಅವರು ನಾಚಿ ಮಾಂಸವನ್ನೇ ಬಿಟ್ಟರಂತೆ. ಈ ಕಥೆ ಮಧ್ಯಾಹ್ನವೇ ಗೊತ್ತಿದ್ದರೆ ಅಜ್ಜನಿಗೆ ಹೇಳಬಹುದಿತ್ತು.

ಮುಂದಿನ ಚೌಕದಲ್ಲಿ ಕೈಯಲ್ಲಿ ದಂಡ ಹಿಡಿದು ನಿಂತ ಹ್ಯೂಯೆನ್ ತ್ಸಾಂಗ್ ಕಂಚಿನ ಪ್ರತಿಮೆ. ಎದೆ ಉಬ್ಬಿ ಬಂತು. ಪಕ್ಕದಲ್ಲಿದ್ದ ಅಜ್ಜಿಗೆ ಮೊಬೈಲಿನ ಅನುವಾದದಲ್ಲಿ ಹೇಳಿದೆ, ‘ಇವರು ನಮ್ಮ ಕಡೆಗೆ ಬಂದಿದ್ದರು.’

ಅಜ್ಜಿ ಕೇಳಿದರು, ‘ಯಾವಾಗ?’

‘ಸುಮಾರು 1400 ವರ್ಷದ ಹಿಂದೆ.’

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಯೋಚಿಸಿ, ಮೊಬೈಲಿಗೆ ಬಾಯಿ ಹಚ್ಚಿ ಏನೋ ಅಂದರು. ಪರದೆ ಮೇಲೆ ಬಂತು: ‘ಊಟಕ್ಕೆ ಏನು ಹಾಕಿದ್ರಿ?’

ಪುಲಕೇಶಿಯ ಯುದ್ಧದ ಆನೆಗಳಿಗೆ ಹೆಂಡ ಕುಡಿಸುತ್ತಿದ್ದರು ಅಂತ ಹ್ಯೂಯೆನ್ ತ್ಸಾಂಗೇ ಬರೆದಿದ್ದಾನೆ. ಅದನ್ನು ಹೇಳೋಕಾಗುತ್ತಾ? ಬಾದಾಮಿಯ ಮಾನ ಕಾಯಬೇಕಲ್ವಾ? ‘ರೊಟ್ಟಿ’ ಅಂದುಬಿಟ್ಟೆ.

ಅಜ್ಜಿಗೆ ಸಮಾಧಾನವಾಗಲಿಲ್ಲ. ಮತ್ತೆ ಮೊಬೈಲ್ ಕೇಳಿ ಇಸ್ಕೊಂಡರು.

‘ಮುರಿದು ಹಾಕಿದ್ರಾ, ಹಾಗೇ ಕೊಟ್ರಾ?’